ಟಾರ್ಪಾಲ್ ಕಾಣಿಸದ ಸಿಡಿ

ಆ ಸಿಡಿಯನ್ನು ಅವರು ಅಂಗಿಯ ಒಳಗೆ, ಬನಿಯನ್ನಿಗೆ ತಾಗಿಸಿಕೊಂಡು ತಂದಿದ್ದರು. ಪ್ಲಾಸ್ಟಿಕ್ ಕವರಿಗೆ ಬೆವರು ಹತ್ತಿತ್ತು. ಕೌಂಟರಿನ ಮೇಲಿಟ್ಟರೂ ಅದರ ಮೇಲಿನ ಕೈ ತೆಗೆಯಲಿಲ್ಲ.

"ಇದನ್ನ ಹಾಕಿ ನೋಡಿ ಅಕ್ಕಾ. ನಾನು ಕಳ್ಳ ಅಲ್ಲ ಅಂತ ಇದ್ರೊಳಗೆ ಉಂಟು" ಎಂದರು.

ಬಣಕಲ್‌ನಲ್ಲಿ ಹೈವೇಗೆ ಮುಖ ಮಾಡಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲದ ಕಾರಣ ಸುತ್ತಲಿನ ಸಿಡಿಗಳೆಲ್ಲ ನನ್ನ ಹಳೇ ಕಂಪ್ಯೂಟರಿಗೇ ಬರುತ್ತವೆ: ಆಸ್ಪತ್ರೆಯ ಸ್ಕ್ಯಾನ್, ಮದುವೆಯ ವಿಡಿಯೊ, ಸತ್ತವರ ಭಜನೆ. ಆ ಕಂಪ್ಯೂಟರಿನಲ್ಲಿರುವುದು ಎಲ್ಲರ ಹಾಗೆ ವಿಂಡೋಸ್ ಅಲ್ಲ, ಲಿನಕ್ಸ್. ಗಿರಾಕಿಗಳ ಪೆನ್‌ಡ್ರೈವ್‌ನಿಂದ ವೈರಸ್ ಹತ್ತಿ ಹತ್ತಿ ಸಾಕಾಗಿ, ಒಂದು ಮಳೆಗಾಲ ಸಿಟ್ಟು ಬಂದು ಮೊದಲಿದ್ದದ್ದನ್ನೆಲ್ಲ ಅಳಿಸಿ ಇದನ್ನು ಹಾಕಿಕೊಂಡೆ. ಇದರಲ್ಲಿ ಸಿಡಿ ತಳ್ಳಿದ ತಕ್ಷಣ ಸಿನಿಮಾ ಓಡಬೇಕೆಂದೇನಿಲ್ಲ. ಮೊದಲು ಅದು 'ಮೌಂಟ್' ಆಗಬೇಕು. ಅಂದರೆ ಸಿಡಿಯಲ್ಲಿರುವುದನ್ನು ಕಂಪ್ಯೂಟರು ತನ್ನದೇ ಒಂದು ಫೋಲ್ಡರ್ ಎಂದು ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ನನ್ನಂಥವರು ಕಪ್ಪು ಪರದೆಯ ಮೇಲೆ ಒಂದೊಂದೇ ಆದೇಶ ಟೈಪ್ ಮಾಡುತ್ತಾ ಅದರ ಕಾಲು ಹಿಡಿಯಬೇಕು.

ಬಂದವರು ಕೊಟ್ಟಿಗೆಹಾರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಕಣದ ಕಾವಲಿನವರು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಬಂದ ಪಾರ್ಚ್‌ಮೆಂಟ್ ಕಾಫಿಯನ್ನು ಹರಡಿ ಒಣಗಿಸುವ ಸಿಮೆಂಟಿನ ಅಂಗಳಕ್ಕೆ ನಮ್ಮಲ್ಲಿ ಕಣ ಎನ್ನುತ್ತಾರೆ. ಹಿಂದಿನ ತಿಂಗಳು ಅಲ್ಲಿಂದ ಒಂದಷ್ಟು ಚೀಲ ಕಾಫಿ ಕಳುವಾಗಿತ್ತು. ಆ ರಾತ್ರಿ ಕಾವಲಿಗಿದ್ದವರು ಇವರು. ಕಣಕ್ಕೆ ಒಂದು ಕ್ಯಾಮೆರಾ ಇದೆ, ಚೀಲ ಒಟ್ಟಿದ್ದ ಬದಿ ಮಾತ್ರ ಅದಕ್ಕೆ ಕಾಣುವುದಿಲ್ಲ. ಅದರಲ್ಲಿ ಇವರು ಬೆಂಕಿಯ ಹತ್ತಿರದಿಂದ ಎದ್ದು ಹೋದದ್ದು ಕಂಡಿದೆ, ಕಳ್ಳರಿಗೆ ದಾರಿ ಬಿಟ್ಟವರು ಇವರೇ ಎಂದು ಮ್ಯಾನೇಜರ್ ವಿಚಾರಣೆ ಹಾಕಿಸಿದ್ದರು. ಆಪಾದನೆ ನಿಂತರೆ ಕೆಲಸ ಹೋಗುತ್ತದೆ. ಕೆಲಸದ ಹಿಂದೆ ಎಸ್ಟೇಟ್ ಕೊಟ್ಟ ಲೈನ್ ಮನೆಯೂ ಹೋಗುತ್ತದೆ.

"ಎದ್ದು ಹೋದದ್ದು ಹೌದಾ?" ಎಂದು ಕೇಳಿದೆ.

"ಹೌದು ಅಕ್ಕಾ, ಸುಳ್ಳು ಯಾಕೆ ಹೇಳ್ಲಿ. ನಾಕು ಹನಿ ಬಿತ್ತು. ಒಣಗಿದ ಪಾರ್ಚ್‌ಮೆಂಟು, ನೆಂದ್ರೆ ಕತೆ ಮುಗೀತಲ್ಲ. ಟಾರ್ಪಾಲು ತರೋಕೆ ಪಲ್ಪರ್ ಮನೆಗೆ ಓಡ್ದೆ. ತಂದು ಎಳ್ದು ಮುಚ್ಚಿದ್ದೂ ಕ್ಯಾಮೆರಾದಲ್ಲಿ ಬಂದಿರ್ತದೆ. ನಾನು ಹೋದದ್ದು ಮಾತ್ರ ನೋಡಿದ್ದಾರೆ, ಬಂದದ್ದು ನೋಡ್ಲಿಲ್ಲ."

"ಮ್ಯಾನೇಜರ್ ಏನಂತಾರೆ?"

"ಮಳೆನೇ ಬರ್ಲಿಲ್ಲ ಅಂತಾರೆ. ಬೆಳಿಗ್ಗೆ ಮಳೆ ಅಳೆಯೋ ಡಬ್ಬಿಯಲ್ಲಿ ಒಂದು ಸೆಂಟೂ ಇರ್ಲಿಲ್ವಂತೆ. ನಾಕು ಹನಿ ಡಬ್ಬಿಯಲ್ಲಿ ನಿಲ್ತದಾ, ನೀವೇ ಹೇಳಿ."

ನಿಲ್ಲುವುದಿಲ್ಲ. ಇಂಚನ್ನು ನೂರು ಪಾಲು ಮಾಡಿದರೆ ಒಂದು ಸೆಂಟು, ಅಷ್ಟಕ್ಕೂ ನಾಕು ಹನಿ ಸಾಲದು. ಕಾಫಿ ಒಣಗಿಸಿದ ಯಾರಿಗಾದರೂ ಗೊತ್ತು, ಆ ಕಾಲದಲ್ಲಿ ಮೋಡ ಒಮ್ಮೆ ಗುಡುಗಿದರೂ ಸಾಕು, ಮನುಷ್ಯರು ಉಣ್ಣುತ್ತಿದ್ದ ಅನ್ನ ಬಿಟ್ಟು ಕಣಕ್ಕೆ ಓಡುತ್ತಾರೆ. ನನಗೆ ಇವರ ಮಾತು ನಂಬಬೇಕೆನಿಸಿತು. ನಂಬಿಕೆಯನ್ನು ವಿಚಾರಣೆಯಲ್ಲಿ ಯಾರೂ ಬರೆದುಕೊಳ್ಳುವುದಿಲ್ಲವಲ್ಲ, ಹಾಗಾಗಿ ಸಿಡಿ ತೆಗೆದುಕೊಂಡೆ. ವಿಚಾರಣೆಗೆ ನಡುವೆ ಒಂದೇ ದಿನ ಉಳಿದಿತ್ತು.

ಡ್ರೈವಿಗೆ ಹಾಕಿದೆ. ಗರ್‌ ಎಂದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಏನೂ ಕಾಣಲಿಲ್ಲ. ಕಪ್ಪು ಪರದೆ ತೆಗೆದು ಕೈಯಿಂದಲೇ ಮೌಂಟ್ ಆದೇಶ ಕೊಟ್ಟೆ. ಫೈಲ್ ಸಿಸ್ಟಮ್ ತಪ್ಪು, ಇಲ್ಲವೇ ಆಯ್ಕೆ ತಪ್ಪು, ಇಲ್ಲವೇ ಮೊದಲ ಪುಟವೇ ಹಾಳು ಎಂದು ಉತ್ತರ ಬಂತು. ಲಿನಕ್ಸ್‌ನ ಈ ಉತ್ತರ ನಮ್ಮ ಕೆಲವು ಡಾಕ್ಟರರ ಹಾಗೆ. ವೈರಲ್ ಇರಬಹುದು, ಗ್ಯಾಸ್ಟ್ರಿಕ್ ಇರಬಹುದು, ಟೆನ್ಷನ್ನೂ ಇರಬಹುದು. ಒಳಗಿನ ದಾಖಲೆ ತೆಗೆದು ನೋಡಿದರೆ ಓದಲಾಗಲಿಲ್ಲ, ಓದಲಾಗಲಿಲ್ಲ ಎಂದು ಸಾಲು ಸಾಲು ಕೆಂಪು.

ಡ್ರೈವೇ ಕೆಟ್ಟಿದೆಯೇನೋ ಎಂದು ಬೇರೆ ಸಿಡಿ ಹಾಕಿದೆ. ಯಾರದೋ ಮದುವೆಯ ವಾಲಗ ಚೆನ್ನಾಗಿಯೇ ಊದಿತು. ಇವರ ಸಿಡಿಯನ್ನು ಮೆತ್ತನೆ ಬಟ್ಟೆಯಿಂದ ಒಳಗಿನಿಂದ ಅಂಚಿನ ಕಡೆಗೆ ಒರೆಸಿ ಹಾಕಿದೆ. ಅದೇ ಕೆಂಪು. ಮೂಡಿಗೆರೆಯಲ್ಲಿ ಸ್ಟುಡಿಯೊ ಇಟ್ಟಿರುವ ಗೆಳೆಯನಿಗೆ ಫೋನ್ ಮಾಡಿ, ಅವನ ಹತ್ತಿರ ಇರುವ ಒಳ್ಳೆಯ ಡ್ರೈವ್ ಕೇಳಿದೆ.

"ಎಂಥ ಮಾರಾಯ್ತಿ, ಇನ್ನೂ ಸಿಡಿ ಕಟ್ಕೊಂಡು ಸಾಯ್ತಿದ್ದೀಯಾ?" ಎಂದು ನಕ್ಕ. ನಗುತ್ತಲೇ ಮುಂದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟ.

ಅಷ್ಟು ಹೊತ್ತೂ ಕಾವಲಿನವರು ಜೆರಾಕ್ಸ್ ಮೆಷಿನ್ ಪಕ್ಕದ ಬೆಂಚಿನ ಮೇಲೆ ಕೂತೇ ಇದ್ದರು. ಚಹಾ ತರಿಸಿದರೆ ಕುಡಿಯಲಿಲ್ಲ, ಆರಿ ಹೋಯಿತು. ಡ್ರೈವ್ ತಿರುಗುವ ಸದ್ದು ಬಂದಾಗೆಲ್ಲ ಎದ್ದು ನಿಲ್ಲುತ್ತಿದ್ದರು. ಸದ್ದು ನಿಂತರೆ ಕೂರುತ್ತಿದ್ದರು. ಬಂದ ಡ್ರೈವಿನಲ್ಲೂ ಮೌಂಟ್ ಆಗಲಿಲ್ಲ. ನನಗೆ ಅವರ ಮೇಲೆಯೇ ಸಿಟ್ಟು ಬಂತು. ಹೀಗೆ ಎದುರು ಕೂತು ನೋಡುತ್ತಿದ್ದರೆ ಕೆಲಸ ಮಾಡುವುದು ಹೇಗೆ? ಮನೆಗೆ ಹೋಗಿ ನಾಳೆ ಬನ್ನಿ ಎನ್ನಲು ಬಾಯಿ ತೆರೆದೆ. ಇನ್ನು ಎಷ್ಟು ದಿನ ಅವರಿಗೆ ಆ ಮನೆ ಎಂಬುದು ನೆನಪಾಗಿ ಮತ್ತೆ ಕೀಬೋರ್ಡಿಗೆ ತಿರುಗಿದೆ.

ಕೊನೆಗೆ ಸಿಡಿಯ ಒಳಪಟ್ಟಿ ಓದಿಸಿ ನೋಡಿದಾಗ ಒಂದು ವಿಷಯ ಹೊಳೆಯಿತು. ಇದನ್ನು ಒಂದೇ ಸಲಕ್ಕೆ ಬರೆದಿರಲಿಲ್ಲ. ಮೊದಲು ಒಂದು ಫೈಲ್ ಬರೆದು, ಆಮೇಲೆ ಇನ್ನೊಂದನ್ನು ಸೇರಿಸಿದ್ದರು, ಎರಡು ಸೆಷನ್. ಹೀಗಿದ್ದಾಗ ಕಂಪ್ಯೂಟರು ಮೊದಲು ಹುಡುಕುವುದು ಕೊನೆಯ ಸೆಷನ್ನನ್ನು. ಅದು ಸಿಕ್ಕದಿದ್ದರೆ ಇಡೀ ಸಿಡಿಯೇ ಇಲ್ಲ ಎಂದುಬಿಡುತ್ತದೆ. ಹಿಂದಿನದು ಸಾಕು, ಮೊದಲ ಸೆಷನ್ ಮಾತ್ರ ನೋಡು ಎಂದು ಆದೇಶಕ್ಕೆ ಸೇರಿಸಿದೆ. ಮೌಂಟ್ ಆಯಿತು! ನಾನು ಕುರ್ಚಿಯಿಂದ ಅರ್ಧ ಎದ್ದೆ, ಅವರು ಬೆಂಚಿನಿಂದ ಪೂರ್ತಿ ಎದ್ದು ಬಂದರು.

ಒಳಗೆ ಕ್ಯಾಮೆರಾ ಕಂಪನಿಯ ವಿಚಿತ್ರ ಹೆಸರಿನ ಒಂದು ಫೈಲ್. ಪ್ಲೇಯರ್‌ಗೆ ಇದು ಇಂಥ ವಿಡಿಯೊ ಎಂದು ತಿಳಿಹೇಳಿ ಓಡಿಸಿದೆ. ರಾತ್ರಿಯ ಕ್ಯಾಮೆರಾ, ಬಣ್ಣವಿಲ್ಲ. ಬೂದು ಕಣ, ರಾಶಿ ಮಾಡಿದ ಪಾರ್ಚ್‌ಮೆಂಟು, ಮೂಲೆಯಲ್ಲಿ ಬೆಂಕಿ, ಬೆಂಕಿಯ ಪಕ್ಕ ಇವರು. ತುಂಬಾ ಹೊತ್ತು ಕೂತೇ ಇರುತ್ತಾರೆ. ಆಮೇಲೆ ತಲೆ ಎತ್ತಿ ಆಕಾಶ ನೋಡುತ್ತಾರೆ, ಎದ್ದು ಚಿತ್ರದಿಂದ ಆಚೆ ಹೋಗುತ್ತಾರೆ. ಖಾಲಿ ಕಣ. ಅಲ್ಲಿಗೆ ಫೈಲ್ ಮುಗಿಯಿತು.

"ನೋಡಿ, ಮ್ಯಾಲೆ ನೋಡ್ದೆ ಅಲ್ವಾ? ಹನಿ ಬಿದ್ದದ್ದಕ್ಕೇ ನೋಡಿದ್ದು. ಮುಂದಿಂದು ಹಾಕಿ" ಎಂದರು. ಅವರ ದನಿಯಲ್ಲಿ ಆಗ ಹೆದರಿಕೆ ಇರಲಿಲ್ಲ.

ಮುಂದಿನದು ಎರಡನೇ ಫೈಲಿನಲ್ಲಿತ್ತು. ಆ ಕ್ಯಾಮೆರಾ ಗಂಟೆಗೊಂದು ಫೈಲ್ ಮಾಡುತ್ತದೆ. ಎದ್ದು ಹೋದದ್ದು ಒಂದು ಗಂಟೆಯ ತುದಿ, ಬಂದದ್ದು ಇನ್ನೊಂದರ ಆರಂಭ. ಎರಡನೆಯದು ಇದ್ದದ್ದೇ ಓದಲು ಬಾರದ ಆ ಸೆಷನ್ನಿನಲ್ಲಿ. ಕ್ಯಾಮೆರಾದ ಪೆಟ್ಟಿಗೆಯಲ್ಲಿ ಇದೆಯೇ ಎಂದರೆ, ಅದು ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆದುಕೊಂಡು ಹೋಗಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೊದಲೇ ಅದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಅದರಿಂದ ಎರಡು ಸಿಡಿ ಮಾಡಿ, ಒಂದನ್ನು ಆಫೀಸಿಗೆ ಇಟ್ಟು ಒಂದನ್ನು ಇವರಿಗೆ ಕೊಟ್ಟು, ಪೆನ್‌ಡ್ರೈವ್ ಖಾಲಿ ಮಾಡಿದ್ದರಂತೆ.

ಇಂಥ ಹೊತ್ತಿಗೆ ಲಿನಕ್ಸ್‌ನಲ್ಲಿ ಒಂದು ಒಳ್ಳೆಯ ಸಾಧನ ಇದೆ. ಮೌಂಟ್‌ನ ಗೊಡವೆಗೇ ಹೋಗದೆ, ಸಿಡಿಯನ್ನು ಮೊದಲಿಂದ ಕೊನೆಯವರೆಗೆ ತುಣುಕು ತುಣುಕಾಗಿ ಎತ್ತಿ ಡಿಸ್ಕಿಗೆ ಹಾಕುತ್ತದೆ. ಓದಲು ಬಾರದ ಕಡೆ ಜಗಳಕ್ಕೆ ನಿಲ್ಲದೆ ಮುಂದೆ ಹೋಗಿ, ಆಮೇಲೆ ಹಿಂದಿರುಗಿ ಮತ್ತೆ ಮತ್ತೆ ಕೇಳುತ್ತದೆ. ಎಲ್ಲಿ ಸಿಕ್ಕಿತು, ಎಲ್ಲಿ ಇಲ್ಲ ಎಂಬ ನಕ್ಷೆಯನ್ನೂ ಇಡುತ್ತದೆ. ಅದನ್ನು ಹಚ್ಚಿ, ಅವರನ್ನು ಕೊನೆಗೂ ಬಸ್ಸು ಹತ್ತಿಸಿದೆ.

ಮರುದಿನ ಮಧ್ಯಾಹ್ನದ ತನಕ ಓದಿಸಿದೆ. ಒಳಗಿನ ಅರ್ಧ ಸಲೀಸಾಗಿ ಬಂದಿತ್ತು. ಹೊರಗಿನ ಅಂಚಿನ ಕಡೆಯ ಒಂದು ಪಟ್ಟಿ ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ವೇಗ ಇಳಿಸಿದೆ. ಡ್ರೈವ್ ಬದಲಿಸಿದೆ. ಸಿಡಿ ಬಿಸಿಯಾಗಿರಬಹುದೆಂದು ತೆಗೆದು ಆರಲು ಇಟ್ಟೆ. ಅಷ್ಟೆಲ್ಲ ಮಾಡಿದರೂ ಬರಲಿಲ್ಲ. ಕೆಳಗಿನ ಮೈಯಲ್ಲಿ ನೋಡಿದರೆ ಒಂದು ಗೀರೂ ಇರಲಿಲ್ಲ. ಹೊಸ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಹಾಗಾದರೆ ಏನಾಗಿದೆ ಇದಕ್ಕೆ ಎಂದು ಬೇಸತ್ತು ಬಾಗಿಲ ಬಿಸಿಲಿಗೆ ಎತ್ತಿ ಹಿಡಿದೆ.

ಬೆಳಕು ತೂರಿ ಬಂತು. ಸಣ್ಣ ಸಣ್ಣ ಚುಕ್ಕಿಗಳು, ಗೆರೆಗಳು. ಗೆರೆ ಕೂಡಿ ಅಕ್ಷರವಾಗಿತ್ತು.

ಎಸ್ಟೇಟುಗಳಲ್ಲಿ ಒಂದು ರೂಢಿ ಇದೆ. ತಕರಾರಿನ ಯಾವ ವಸ್ತುವಾದರೂ, ಚೀಲದ ಚೀಟಿಯಾಗಲಿ, ಬೀಗಕ್ಕೆ ಸುತ್ತಿದ ಬಟ್ಟೆಯಾಗಲಿ, ಅದರ ಮೇಲೆಯೇ ಎಲ್ಲರೂ ಸಹಿ ಹಾಕುತ್ತಾರೆ. ಆಮೇಲೆ ಯಾರೂ ಬದಲಾಯಿಸಬಾರದಲ್ಲ, ಅದಕ್ಕೆ. ಸಿಡಿಯನ್ನೂ ಬಿಟ್ಟಿರಲಿಲ್ಲ. ಮೇಲಿನ ಮೈಯಲ್ಲಿ ಮ್ಯಾನೇಜರ್, ರೈಟರ್, ಮೇಸ್ತ್ರಿ, ಕೊನೆಗೆ ಕೆಳಗಿನ ಅಂಚಿನಲ್ಲಿ ಕಾವಲಿನವರು. ಎಲ್ಲರೂ ಬಾಲ್ ಪೆನ್ನಿನಿಂದ. ಸಿಡಿಯಲ್ಲಿ ಕಂಪ್ಯೂಟರು ಓದುವ ಬರಹ ಇರುವುದು ಹೊಳೆಯುವ ಕೆಳಮೈಗೆ ಹತ್ತಿರ ಅಲ್ಲ. ಹೆಸರು ಬರೆಯುವ ಮೇಲ್ಮೈಯ ತೆಳು ಬಣ್ಣದ ಅಡಿಯಲ್ಲೇ. ಪೆನ್ನಿನ ಮೊನೆ ಒತ್ತಿದರೆ ಅದೇ ಕಿತ್ತು ಬರುತ್ತದೆ. ಬರಹ ಸುರುಳಿ ಸುತ್ತುತ್ತಾ ಹೊರಕ್ಕೆ ಹೋಗುವುದರಿಂದ, ಅಂಚಿನಲ್ಲಿ ಒಂದು ಹೆಸರಿದ್ದರೆ ಪ್ರತಿ ಸುತ್ತಿಗೂ ಆ ಹೆಸರು ಅಡ್ಡ ಬರುತ್ತದೆ.

ಮ್ಯಾನೇಜರ್ ಗೀಚಿ ಬಿಟ್ಟಿದ್ದರು, ಬೆಳಕಿಗೆ ಅವರ ಸಹಿ ಕಾಣಲೇ ಇಲ್ಲ. ರೈಟರ್‌ದೂ ಮೇಸ್ತ್ರಿಯದೂ ಅಲ್ಲೊಂದು ಇಲ್ಲೊಂದು ಚುಕ್ಕಿ. ಪೂರ್ತಿಯಾಗಿ, ಒಂದು ಕೊಂಬು ದೀರ್ಘವನ್ನೂ ಬಿಡದೆ, ಓದುವಂತೆ ಕಾಣುತ್ತಿದ್ದ ಹೆಸರು ಒಂದೇ. ಟಾರ್ಪಾಲ್ ಎಳೆದು ತಂದ ಆ ಗಂಟೆಯ ಮೇಲೆ ಅವರು ತಮ್ಮ ಹೆಸರನ್ನೇ ಒತ್ತಿ ಒತ್ತಿ ಬರೆದಿದ್ದರು.

ನನಗೆ ಅಳುವೇ ಬಂದಂತಾಯಿತು. ಯಾರನ್ನು ಬೈಯುವುದು?

ಸಂಜೆ ಬಂದ ಕಾವಲಿನವರಿಗೆ ಈ ವಿಷಯ ಹೇಳಲಿಲ್ಲ. ಹೇಳಿದರೆ ಸಿಡಿ ಸರಿಯಾಗುವುದಿಲ್ಲ, ಅವರ ನಿದ್ದೆ ಹೋಗುತ್ತದೆ ಅಷ್ಟೇ. ಅಂಚು ಹಾಳಾಗಿದೆ ಎಂದೆ. ಇನ್ನೊಂದು ದಾರಿ ಇದೆ ಎಂದೂ ಹೇಳಿದೆ. ಆಫೀಸಿನ ಸಿಡಿಯಲ್ಲಿ ಅದೇ ಫೈಲ್ ಅದೇ ಜಾಗದಲ್ಲಿದ್ದರೆ, ಇದರಲ್ಲಿ ಹರಿದ ಕಡೆ ಅದರ ತುಣುಕು ತಂದು ತುಂಬಬಹುದು. ಆ ಸಾಧನಕ್ಕೆ ಅದೂ ಬರುತ್ತದೆ. ಅಲ್ಲೂ ಎಲ್ಲರೂ ಸಹಿ ಹಾಕಿರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆದರೆ ಎರಡು ಸಲ ಬರೆದ ಹೆಸರು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಕಡೆ ಬೀಳಲಿಕ್ಕಿಲ್ಲ. ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ.

"ತುಂಬಿದ ಮೇಲೆ ಟಾರ್ಪಾಲ್ ಕಾಣದಿದ್ದರೆ ಏನು ಮಾಡ್ತೀರಿ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ಕಾಣ್ತದೆ ಅಕ್ಕಾ. ಎಳೆದದ್ದು ನಾನೇ ಅಲ್ವಾ" ಎಂದರು.

ವಿಚಾರಣೆ ಎಸ್ಟೇಟ್ ಆಫೀಸಿನಲ್ಲಿ. ವಿಚಾರಣಾಧಿಕಾರಿ ಚಿಕ್ಕಮಗಳೂರಿನಿಂದ ಬಂದ ಹಿರಿಯ ವಕೀಲರು. ಮೇಜಿನ ಒಂದು ಕಡೆ ಮ್ಯಾನೇಜರ್, ಬರೆದುಕೊಳ್ಳಲು ರೈಟರ್. ಇನ್ನೊಂದು ಕಡೆ ಕಾವಲಿನವರು, ಅವರ ಪಕ್ಕ ಕಂಪ್ಯೂಟರ್ ಹೊತ್ತುಕೊಂಡು ಜೀಪಿನಲ್ಲಿ ಹೋಗಿದ್ದ ನಾನು. ಆಫೀಸಿನ ಸಿಡಿ ಕೊಡಿ ಎಂದು ಎಲ್ಲರ ಎದುರೇ ಕೇಳಿದೆ.

"ಅದ್ಹೇಗೆ ಕೊಡೋಕಾಗುತ್ತೆ ಮೇಡಂ? ನೀವು ಅದ್ರಲ್ಲಿ ಏನಾದ್ರೂ ಸೇರ್ಸಿದ್ರೆ?" ಎಂದರು ಮ್ಯಾನೇಜರ್.

"ಇದಕ್ಕೆ ಇನ್ನು ಏನೂ ಬರೆಯೋಕಾಗಲ್ಲ ಸರ್, ಓದೋದು ಮಾತ್ರ. ನಿಮ್ಮೆದುರೇ ಮಾಡ್ತೇನೆ, ನೀವೇ ಹಾಕಿ, ನೀವೇ ತೆಗೀರಿ. ನಿಮ್ಮದ್ರಲ್ಲಿ ಎರಡನೇ ಫೈಲ್ ಓಡುತ್ತಾ?"

ಅವರು ರೈಟರ್ ಮುಖ ನೋಡಿದರು. ರೈಟರ್ ಮೆಲ್ಲಗೆ, "ಅದು ಓಪನ್ ಆಗ್ಲಿಲ್ಲ ಸರ್. ಬೇಕಾದ್ದು ಮೊದಲನೇದ್ರಲ್ಲೇ ಇತ್ತಲ್ಲ" ಎಂದರು. ಬೇಕಾದ್ದು ಯಾರಿಗೆ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ವಕೀಲರು ಅಷ್ಟರಲ್ಲಿ, "ಮಾಡ್ಲಿ ಬಿಡಿ, ಎಲ್ರೂ ಇದ್ದೇವಲ್ಲ" ಎಂದು ಅಪ್ಪಣೆ ಕೊಟ್ಟರು.

ಡ್ರೈವ್ ತಿರುಗಿತು. ನಕ್ಷೆಯಲ್ಲಿ ಖಾಲಿ ಇದ್ದ ಕಡೆ ಒಂದೊಂದೇ ತುಣುಕು ತುಂಬಲು ಶುರುವಾಯಿತು. ಎಷ್ಟು ಉಳಿಯಿತು ಎಂಬ ಅಂಕಿ ಇಳಿಯುತ್ತಾ ಹೋಯಿತು. ಮ್ಯಾನೇಜರ್ ಕೂಡ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಬಂದರು. ಇಳಿಯುತ್ತಿದ್ದ ಅಂಕಿ ಒಂದು ಕಡೆ ಬಂದು ನಿಂತಿತು. ಮತ್ತೆ ಓದಿಸಿದೆ, ಹಿಂದಿನಿಂದ ಮುಂದಕ್ಕೆ ಓದಿಸಿದೆ, ಇನ್ನೊಂದು ಡ್ರೈವಿನಲ್ಲಿ ಓದಿಸಿದೆ. ಅಲ್ಲಿಂದ ಕದಲಲಿಲ್ಲ. ಆ ಸಿಡಿಯಲ್ಲೂ ಅವರು ಅದೇ ಅಂಚಿನಲ್ಲಿ, ಅಷ್ಟೇ ಒತ್ತಿ ಬರೆದಿದ್ದರು.

ಸಿಕ್ಕಷ್ಟನ್ನೇ ಓಡಿಸಿದೆ. ಚೌಕ ಚೌಕವಾಗಿ ಒಡೆದ ಬೂದು ಬಣ್ಣ, ನಡುವೆ ಕಣದ ಒಂದು ಮೂಲೆ, ಮತ್ತೆ ಚೌಕಗಳು. ಒಮ್ಮೆ, ಒಂದೇ ಒಮ್ಮೆ, ರಾಶಿಯ ಪಕ್ಕ ಬೆಳ್ಳಗೆ ಏನೋ ಅಗಲವಾದದ್ದು ಬಂದು ಅಲ್ಲೇ ಮುರಿದು ಹೋಯಿತು.

"ಅದೇ! ಅದೇ ಟಾರ್ಪಾಲು ಅಕ್ಕಾ!" ಎಂದು ಕಾವಲಿನವರು ಕೂಗಿದರು.

ಹಿಂದಕ್ಕೆ ತಂದು ನಿಲ್ಲಿಸಿದೆ. ವಕೀಲರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಮಂಜೂ ಆಗಿರಬಹುದು ಸರ್. ಆ ಟೈಮಲ್ಲಿ ಇಲ್ಲಿ ದಿನಾ ಇಳಿಯುತ್ತೆ" ಎಂದರು ಮ್ಯಾನೇಜರ್. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಅದು ನಿಜಕ್ಕೂ ಮಂಜೂ ಆಗಿರಬಹುದಿತ್ತು.

"ನೀವು ಹೇಳಿ. ಇದು ಟಾರ್ಪಾಲಾ?" ಎಂದು ವಕೀಲರು ನನ್ನನ್ನು ಕೇಳಿದರು.

ಹೌದು ಎಂದುಬಿಡಬೇಕೆಂದು ಪ್ರಾಣ ಹೊಡೆದುಕೊಂಡಿತು. ಆದರೆ ಅಲ್ಲಿದ್ದದ್ದು ಒಡೆದ ಚಿತ್ರದ ಒಂದು ಬೆಳ್ಳನೆ ತುಂಡು. ಹೌದೆಂದರೆ ಹೇಗೆ ಗೊತ್ತು ಎಂದು ಮುಂದಿನ ಪ್ರಶ್ನೆ ಬರುತ್ತದೆ. "ಹೇಳೋಕೆ ಬರಲ್ಲ ಸರ್" ಎಂದೆ. ಪಕ್ಕದಲ್ಲಿದ್ದವರ ಕಡೆ ನೋಡಲು ಧೈರ್ಯ ಬರಲಿಲ್ಲ.

"ಯಾಕೆ ಹೀಗೆ ಹಾಳಾಗಿದೆ?"

"ಬಾಲ್ ಪೆನ್ನಿನಿಂದ ಮೇಲೆ ಸಹಿ ಹಾಕಿದ್ದಾರೆ ಸರ್. ಅದರಿಂದ ಕಿತ್ತು ಹೋಗಿದೆ."

"ಯಾರ ಸಹಿಯಿಂದ?"

"ಎಲ್ಲರೂ ಹಾಕಿದ್ದಾರೆ" ಎಂದೆ. ಅದು ಸುಳ್ಳಲ್ಲ.

ಅಷ್ಟರಲ್ಲಿ ಕಾವಲಿನವರು ಎದ್ದು, ಮೇಜಿನ ಮೇಲಿದ್ದ ಸಿಡಿ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ಎಲ್ಲಿ ಕಿತ್ತಿದೆ ಎಂದು ಹುಡುಕುತ್ತಾ ಕಿಟಕಿಯ ಹತ್ತಿರ ಹೋದರು. ತಡೆಯಬೇಕೆಂದುಕೊಂಡೆ, ಏನೆಂದು ಹೇಳಿ ತಡೆಯುವುದು? ಬೆಳಕಿಗೆ ಹಿಡಿದರು. ಮೊದಲು ಅರ್ಥವಾಗಲಿಲ್ಲ. ಆಮೇಲೆ ತುಟಿ ಅಲ್ಲಾಡಿತು. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಇದ್ದದ್ದನ್ನು ಮಗುಚಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ತಮ್ಮ ಹೆಸರನ್ನು ಪೂರ್ತಿ ಓದಿದರು.

"ನಂದೇ ಅಲ್ವಾ ಅಕ್ಕಾ ಇದು?"

"ಹೌದು" ಎಂದೆ.

"ಮತ್ಯಾರ್ದೂ ಕಾಣ್ತಾ ಇಲ್ಲ."

ಸಿಡಿಯನ್ನು ಮೇಜಿನ ಮೇಲಿಟ್ಟು ಅವರೇ ಹೇಳಿದರು: "ಹೆಬ್ಬೆಟ್ಟು ಸಾಕು ಅಂದಿದ್ರು ರೈಟರು. ಸಿಡಿ ಬದಲಾಯ್ಸಿಬಿಟ್ರೆ ಅಂತ ನಾನೇ ಹಟ ಮಾಡಿ ಹೆಸರು ಬರ್ದೆ."

ವಕೀಲರು ಬಹಳ ಹೊತ್ತು ಕನ್ನಡಕ ಒರೆಸಿದರು. ಅವರು ಕೆಟ್ಟವರಲ್ಲ. ಆಮೇಲೆ ರೈಟರ್‌ಗೆ ಹೇಳಿ ಬರೆಸಿದರು: ಆಪಾದಿತರು ಕಣ ಬಿಟ್ಟು ಎದ್ದು ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ, ಹಿಂದಿರುಗಿ ಟಾರ್ಪಾಲು ಮುಚ್ಚಿದರೆಂಬುದು ದೃಶ್ಯದಿಂದ ಖಚಿತವಾಗುವುದಿಲ್ಲ. ಮುಂದೆ ಏನಾಗುವುದೆಂದು ಅಲ್ಲಿದ್ದ ಎಲ್ಲರಿಗೂ ಆಗಲೇ ಗೊತ್ತಾಗಿತ್ತು. ಹಾಗೇ ಆಯಿತು, ಯುಗಾದಿಗೆ ಮೊದಲೇ ಆ ಲೈನ್ ಮನೆ ಖಾಲಿಯಾಯಿತು. ಟಾರ್ಪಾಲು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಇತ್ತು ಎಂದೇ ನಂಬಿದ್ದೇನೆ.

ಬರೆದದ್ದನ್ನು ಓದಿ ಹೇಳಿ, ರೈಟರ್ ಹಾಳೆಗಳನ್ನು ಸರಿಮಾಡಿ ಕಾವಲಿನವರ ಮುಂದಿಟ್ಟರು. ಒಂದರ ಕೆಳಗೊಂದು ಹಾಳೆ, ನಡುವೆ ನೀಲಿ ಕಾರ್ಬನ್. ಬಾಲ್ ಪೆನ್ನು ಕೈಗೆ ಕೊಟ್ಟರು.

"ಇಲ್ಲಿ ಸಹಿ ಮಾಡಿ. ಒತ್ತಿ ಬರೀರಿ, ಕೆಳಗಿನ ಕಾಪಿಗೂ ಮೂಡ್ಬೇಕು."

ಅವರು ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು. ಬರೆಯಲೋ ಬೇಡವೋ ಎಂದು ಕೇಳುತ್ತಿದ್ದರು. ನಾನು ಬಗ್ಗಿ ಡ್ರೈವಿನ ವೈರ್ ಸುತ್ತತೊಡಗಿದೆ. ಅವರು ಒತ್ತಿ ಬರೆದರು.